ತಾಂಡೂರಿನಲ್ಲಿ ನಾನು ಇಳಿದ ಮೇಲೆ

ಇದ್ದವರ ಜೀವ ಮೈಬಿಟ್ಟು ತಿರುಗುತ್ತದೆ, ಸತ್ತವರು ಬಂದು ಮಾತಾಡಿಸುತ್ತಾರೆ ಎಂದು ಯಾರಾದರೂ ಶುರು ಮಾಡಿದರೆ ಮೊದಲೆಲ್ಲ ನಾನು ಎದ್ದು ಹೋಗುತ್ತಿದ್ದೆ. ಕಟ್ಟಡ ಕಟ್ಟುವ ಕಡೆ ಇಂಥ ಕತೆಗಳಿಗೆ ಬರ ಇರಲಿಲ್ಲ. ಮೇಲಿನ ಮಹಡಿಯಿಂದ ಬಿದ್ದು ಸತ್ತವನು ಬೀಡಿ ಕೇಳುತ್ತಾನೆ, ಲಿಫ್ಟಿನ ಗುಂಡಿಯಲ್ಲಿ ಹೆಂಗಸು ಅಳುತ್ತಾಳೆ ಎನ್ನುವವರಿದ್ದರು. ಆ ಗುಂಡಿಯೊಳಗೆ ನಾನೇ ಒಂದು ಬೇಸಿಗೆಯಲ್ಲಿ ತಂಪಿಗೆಂದು ಮಲಗಿ ಎದ್ದು ಬಂದಿದ್ದೆ. ಸೊಳ್ಳೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಈಗ ಬರೆಯುತ್ತಿರುವುದು ನನಗೇ ಆದದ್ದು. ಓದಿದವರು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಾದ್ದರಿಂದ ಚಂದ ಮಾಡಿ ಬರೆಯಲೂ ಬಾರದು. ಆದದ್ದನ್ನು ಆದ ಹಾಗೆ ಹೇಳಹೊರಟರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಬಾಯಿ ಬಿಡದೆ ಇದ್ದದ್ದು ಅದಕ್ಕೇ.

ಹೈದರಾಬಾದಿನ ಪಶ್ಚಿಮಕ್ಕೆ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ ಅದು. ಹಗಲೆಲ್ಲ ಬಂಡೆ ಒಡೆಯುವ ಸದ್ದು, ಊಟದ ತಟ್ಟೆಯಲ್ಲೂ ಧೂಳು. ನಾವು ಚಿತ್ತಾಪುರದ ಕಡೆಯ ಹಳ್ಳಿಯವರು. ನಾನು ಗೌಂಡಿ. ಇಟ್ಟಿಗೆ ಕಟ್ಟುವುದು, ಗೋಡೆಗೆ ಸಿಮೆಂಟು ಮೆತ್ತಿ ಗಿಲಾವು ಮಾಡುವುದು ನನ್ನ ಕೆಲಸ. ತಂಗಿ ಮಾದೇವಿ ನನ್ನ ಕೈಕೆಳಗೆ ಕಲಸಿದ ಸಿಮೆಂಟು ಹೊರುತ್ತಿದ್ದಳು. ಗುತ್ತೇದಾರ ಹಾಕಿಸಿಕೊಟ್ಟ ತಗಡಿನ ಷೆಡ್ಡುಗಳ ಸಾಲಿನಲ್ಲಿ ಒಂದು ನಮ್ಮದು. ಪಕ್ಕದ ಷೆಡ್ಡಿನಲ್ಲಿ ಸೇಡಮ್ಮಿನ ಕಡೆಯ ಬಸಮ್ಮ ಇದ್ದಳು. ವಯಸ್ಸಾದ ಹೆಂಗಸು, ಬಾಯಿ ಜೋರು, ಮನಸ್ಸು ಒಳ್ಳೆಯದು.

ಮಾದೇವಿಗೆ ಮದುವೆಯಾಗಿರಲಿಲ್ಲ. ಅದೇ ಕಟ್ಟಡದಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬ ಹುಡುಗನನ್ನು ಅವಳು ನಂಬಿದಳು. ಅವನು ಪುಣೆಯಲ್ಲಿ ಕೆಲಸ ಸಿಕ್ಕಿದೆ, ಮನೆ ನೋಡಿ ಬಂದು ಕರೆದೊಯ್ಯುತ್ತೇನೆ ಎಂದು ಹೋದವನು ತಿರುಗಿ ಬರಲಿಲ್ಲ. ಅವಳು ನನಗೆ ಹೇಳುವ ಹೊತ್ತಿಗೆ ಹೊಟ್ಟೆಯೇ ಹೇಳುತ್ತಿತ್ತು. ಆಗ ನನ್ನ ಮದುವೆ ಗೊತ್ತಾಗಿತ್ತು. ಹೆಣ್ಣಿನ ಕಡೆಯವರು ನಮ್ಮ ಪಕ್ಕದ ಊರಿನವರೇ. ಸುದ್ದಿ ಹೋದರೆ ಮದುವೆ ಮುರಿಯುವುದಷ್ಟೇ ಅಲ್ಲ, ಊರೊಳಗೆ ತಲೆ ಎತ್ತುವ ಹಾಗಿರುವುದಿಲ್ಲ ಎಂದು ನಾನು ಎಣಿಸಿದೆ. ಹಬ್ಬಕ್ಕೂ ಅವಳನ್ನು ಊರಿಗೆ ಕಳಿಸಲಿಲ್ಲ. ಅವ್ವನಿಗೆ ಒಂದು ಮಾತೂ ತಿಳಿಸಲಿಲ್ಲ.

ಹೆರಿಗೆ ಷೆಡ್ಡಿನಲ್ಲೇ ಆಯಿತು, ಬಸಮ್ಮನೇ ಮಾಡಿಸಿದಳು. ಹೆಣ್ಣು ಕೂಸು. ಆಸ್ಪತ್ರೆಗೆ ಒಯ್ಯೋಣ ಎಂದು ಬಸಮ್ಮ ಅವತ್ತೇ ಹೇಳಿದಳು. ಅಲ್ಲಿ ಗಂಡನ ಹೆಸರು ಕೇಳುತ್ತಾರೆ, ನಾನು ಏನೆಂದು ಬರೆಸಲಿ ಎಂದೆ. ಕೆಲವು ದಿನಗಳಲ್ಲಿ ಮಾದೇವಿಗೆ ಜ್ವರ ಶುರುವಾಯಿತು. ಔಷಧಿ ಅಂಗಡಿಯಲ್ಲಿ ಕೇಳಿ ಗುಳಿಗೆ ತಂದುಕೊಟ್ಟೆ. ಇಳಿದ ಹಾಗೆ ಆಗುತ್ತಿತ್ತು, ಮತ್ತೆ ಏರುತ್ತಿತ್ತು.

ಆ ದಿನಗಳಲ್ಲೇ ನಾನು ಒಂದು ತೀರ್ಮಾನ ಮಾಡಿದೆ. ಕೂಸನ್ನು ಊರಿಗೆ ಒಯ್ದು ಅವ್ವನ ಕೈಗೆ ಕೊಟ್ಟು ಬರುತ್ತೇನೆ ಎಂದು ತಂಗಿಗೆ ಹೇಳಿದೆ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ವಾಡಿಯ ಕಡೆ ಹೋಗುವ ಪ್ಯಾಸೆಂಜರ್ ರೈಲು ತಾಂಡೂರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕೂಸನ್ನು ಸೀಟಿನ ಮೇಲೆ ಮಲಗಿಸಿ ನೀರಿಗೆಂದು ಇಳಿಯುವುದು, ಮತ್ತೆ ಹತ್ತದೆ ಇರುವುದು. ರೈಲಿನಲ್ಲಿ ನೂರಾರು ಜನ ಇರುತ್ತಾರೆ, ಯಾರಾದರೂ ಎತ್ತಿಕೊಳ್ಳುತ್ತಾರೆ, ಪೊಲೀಸರಾದರೂ ಯಾವುದಾದರೂ ಆಶ್ರಮಕ್ಕೆ ಸೇರಿಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕೆಲವು ದಿನ ಬಿಟ್ಟು, ಊರಲ್ಲಿ ಕೂಸು ತೀರಿಕೊಂಡಿತಂತೆ ಎಂದು ಮಾದೇವಿಗೆ ಹೇಳಿದರಾಯಿತು ಎಂದುಕೊಂಡಿದ್ದೆ.

ಹೊರಡುವ ದಿನ ಮಾದೇವಿ ಗೋಡೆಗೆ ಒರಗಿ ಕೂತು ಕೂಸಿಗೆ ಹಾಲು ಕುಡಿಸಿದಳು. ಬಸಮ್ಮ ಹಳೆಯ ಸೀರೆಯಲ್ಲಿ ಒಂದು ಕುಂಚಿಗೆ ಹೊಲಿದಿದ್ದಳು. ಮಾದೇವಿ ಅದನ್ನು ಕೂಸಿನ ತಲೆಯ ಮೇಲೆ ಎಳೆದು ಕಟ್ಟಿದಳು, ಹಣೆಗೂ ಅಂಗಾಲಿಗೂ ಕಾಡಿಗೆ ಇಟ್ಟಳು. ಒಂದು ಬಾಟಲಿಯಲ್ಲಿ ಆಕಳ ಹಾಲು ಹಾಕಿ ಕೊಟ್ಟಳು.

"ತೊಟ್ಟಲಿಗೆ ಹಾಕಲಾರದ ಕೂಸಿನ್ನ ಹಿಂಗ ಪರಊರಿಗೆ ಒಯ್ಯಬಾರದೋ ಯಪ್ಪಾ," ಎಂದು ಬಸಮ್ಮ ಮತ್ತೆ ಮತ್ತೆ ಹೇಳಿದಳು. "ತಾಯಿನೂ ಕರಕೊಂಡು ಹೋಗು. ಇಬ್ಬರೂ ಒಂದ ಕಡೆ ಇರ್ತಾರ."

"ಈ ಜ್ವರದಾಗ ಆಕಿನ್ನ ಹೆಂಗ ಒಯ್ಯಲಿ?" ಎಂದೆ.

ಮಾದೇವಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಣ್ಣಾ, ನೀನೇ ಅವ್ವನ ಕೈಯಾಗ ಕೊಡತಿ ಅಲ್ಲಾ? ಮಂದಿ ಕೈಯಾಗ ಕೊಡಬ್ಯಾಡ."

"ನಾನೇ ಒಯ್ಯಾಕತ್ತೀನಿ ಅಲ್ಲವಾ. ಮಂದಿ ಯಾಕ ಬರ್ತಾರ ನಡುವ?"

ಲಿಂಗಂಪಲ್ಲಿಯಲ್ಲಿ ಮಧ್ಯಾಹ್ನದ ರೈಲು ಹತ್ತಿದೆ. ಗಾಡಿಯ ನಡುವಿನ ಒಂದು ಡಬ್ಬಿಯಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಎದುರಿಗೆ ಒಬ್ಬ ಮುದುಕಿ ಸೀಬೆಹಣ್ಣು ಮಾರಿ ಖಾಲಿಯಾದ ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. ನಾನು ಕೂಸನ್ನು ಎತ್ತಿಕೊಂಡ ರೀತಿ ನೋಡಿ ಅವಳಿಗೆ ನಗು ಬಂತು. "ಸಿಮೆಂಟು ಬಸ್ತಾ ಅನುಕುನ್ನಾವಾ?" ಎಂದು ಎದ್ದು ಬಂದು, ಸಿಮೆಂಟು ಚೀಲದ ಹಾಗೆ ಹಿಡಿದಿದ್ದ ನನ್ನ ಕೈಯನ್ನು ಸರಿಸಿ, ಕೂಸಿನ ಕತ್ತಿನ ಕೆಳಗೆ ಇಡಿಸಿದಳು. ಆಮೇಲೆ ಕೂತು ಕೇಳಿದಳು:

"ಪಾಪ ಎವರಿದಿ ಕೊಡುಕಾ?"

ತೆಲುಗಿನಲ್ಲಿ ಪಾಪ ಎಂದರೆ ಕೂಸು. ಹೈದರಾಬಾದಿಗೆ ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ಮೇಸ್ತ್ರಿಯ ಜೊತೆ, ಅಂಗಡಿಯವನ ಜೊತೆ ದಿನಾ ತೆಲುಗು ಆಡುತ್ತಿದ್ದವನು ನಾನು. ಆ ಮಾತು ನನಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿಗೆ ಅದು ನಮ್ಮ ಮಾತಾಗಿಯೇ ಬಿತ್ತು. ಈ ಪಾಪ ಯಾರದು ಎಂದು ಅವಳು ಕೇಳಿದ ಹಾಗಾಯಿತು. ನಾಲಿಗೆ ತಾನೇ ಹೊರಳಿ, "ನಾದಿ ಕಾದು, ನಂದಲ್ಲ," ಎಂದುಬಿಟ್ಟೆ. ಯಾರೋ ಕಳ್ಳತನ ಹೊರಿಸಿದರೆ ಹೇಳುತ್ತಾರಲ್ಲ, ಹಾಗೆ ಜೋರಾಗಿ.

ಸುತ್ತಲಿನವರು ತಿರುಗಿ ನೋಡಿದರು. ಮುದುಕಿ ಬಶೀರಾಬಾದಿನ ಕಡೆಯವಳು. ಗಡಿಯ ಆ ಜನಕ್ಕೆ ಎರಡೂ ಮಾತು ಬರುತ್ತದೆ. ಅವಳು ಹೊಟ್ಟೆ ಹಿಡಿದು ನಕ್ಕಳು. "ಅಯ್ಯ, ಕನ್ನಡದಾಂವ ಏನು ನೀ? ನಾ ಕೂಸು ಯಾರದಂತ ಕೇಳಿದ್ರ! ನಿನ್ನ ಪಾಪ ಯಾರಿಗೆ ಬೇಕಾಗೈತಿ ಮಗನ, ನೀನೇ ಇಟ್ಟುಕೋ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಬ್ಬಿಬ್ಬರು ನನ್ನನ್ನು ಅನುಮಾನದಿಂದ ನೋಡತೊಡಗಿದ್ದರು. ತಾಯಿ ಎಲ್ಲಿ ಎಂದು ಮುದುಕಿ ಕೇಳಿದಾಗ, ತಪ್ಪಿಸಿಕೊಳ್ಳಬೇಕೆಂದು, "ಕೂಸು ನನ್ನ ತಂಗೀದು. ಆಕಿ ಮುಂದಿನ ಹೆಂಗಸರ ಡಬ್ಬಿಯಾಗ ಅದಾಳ, ಇಲ್ಲಿ ಗದ್ದಲ ಅಂತ ಅಲ್ಲಿ ಕುಂತಾಳ," ಎಂದು ಸುಳ್ಳು ಹೇಳಿದೆ. ಅದು ನಾನು ಆ ಕ್ಷಣಕ್ಕೆ ಹುಟ್ಟಿಸಿದ ಸುಳ್ಳು. ಬೇರೆ ಯಾರೂ ಹೇಳಿಕೊಟ್ಟದ್ದಲ್ಲ, ಮೊದಲೇ ಯೋಚಿಸಿದ್ದೂ ಅಲ್ಲ.

ಶಂಕರಪಲ್ಲಿ ದಾಟುವಾಗ ಕೂಸು ಅಳತೊಡಗಿತು. ಬಾಟಲಿಯ ಹಾಲು ಬಾಯಿಗಿಟ್ಟರೆ ಮುಖ ತಿರುಗಿಸಿತು. ವಿಕಾರಾಬಾದಿನ ತನಕ ಅಳುತ್ತಲೇ ಇತ್ತು. ಆಮೇಲೆ ದನಿ ಇಂಗಿ, ಬಾಯಿ ಮಾತ್ರ ತೆರೆದು ಮುಚ್ಚುವಂತಾಯಿತು. ಅದರ ತುಟಿ ಒಣಗಿದ್ದು ನೋಡಿ ಮುದುಕಿಯ ನಗು ಹೋಯಿತು. "ಹೋಗಿ ತಾಯಿಗೆ ಕೊಡೋ, ಜೀವ ಹೋದೀತು," ಎಂದು ಗದರಿದಳು. ಮುಂದಿನ ದೊಡ್ಡ ಸ್ಟೇಷನ್ ಬರಲಿ, ಕರೆದುಕೊಂಡು ಬರುತ್ತೇನೆ ಎಂದೆ. ಈಗ ನೆನೆದರೆ, ಅದು ದಾರಿಯಲ್ಲೇ ಸತ್ತರೂ ನನ್ನ ಕೆಲಸ ಸುಲಭವಾಗುತ್ತದೆ ಎಂಬ ಯೋಚನೆ ಕೂಡ ನನ್ನ ತಲೆಯಲ್ಲಿ ಬಂದು ಹೋಗಿತ್ತು.

ತಾಂಡೂರಿನಲ್ಲಿ ರೈಲು ನಿಂತಾಗ ಬಿಸಿಲು ಇಳಿಯತೊಡಗಿತ್ತು. "ಕೂಸಿನ್ನ ನೋಡಕೋ ಅವ್ವಾ, ತಾಯಿನ್ನ ಕರಕೊಂಡು ಬರ್ತೀನಿ," ಎಂದು ಮುದುಕಿಗೆ ಹೇಳಿ ಇಳಿದೆ. ಮುಂದಿನ ಡಬ್ಬಿಗಳ ಕಡೆ ಹೋಗಲಿಲ್ಲ. ಹಿಂದಕ್ಕೆ ನಡೆದೆ. ಪ್ಲಾಟ್‌ಫಾರಂ ಮುಗಿಯುವಲ್ಲಿ ಗೂಡ್ಸಿಗೆ ತುಂಬಲೆಂದು ಹಾಸುಗಲ್ಲುಗಳನ್ನು ನಿಲ್ಲಿಸಿದ್ದರು. ಅವುಗಳ ಮರೆಗೆ ಹೋಗಿ ರೈಲಿಗೆ ಬೆನ್ನು ಮಾಡಿ ನಿಂತೆ. ಗೌಂಡಿಯ ಅಭ್ಯಾಸ, ಕೈಯಿಂದ ಕಲ್ಲಿನ ಅಂಚು ಸವರುತ್ತ, ಇದು ಒಳ್ಳೆಯ ಕಲ್ಲು, ಇದು ಸೀಳು ಬಿಟ್ಟಿದೆ ಎಂದು ನೋಡುತ್ತಿದ್ದೆ. ಸಿಳ್ಳೆ ಕೇಳಿತು. ಗಾಡಿ ಹೊರಟ ಸದ್ದು ಕೇಳಿತು. ಆಗ ಮಾತ್ರ ತಿರುಗಿ ನೋಡಿದೆ. ಕೊನೆಯ ಡಬ್ಬಿಗಳು ನನ್ನ ಮುಂದೆ ನಿಧಾನವಾಗಿ ಸರಿಯುತ್ತಿದ್ದವು. ದೂರದಲ್ಲಿ ನಮ್ಮ ಡಬ್ಬಿಯ ಬಾಗಿಲಲ್ಲಿ ಮುದುಕಿ ಕಂಬಿ ಹಿಡಿದು ಹೊರಗೆ ಬಾಗಿ ನನ್ನನ್ನು ಹುಡುಕುತ್ತಿದ್ದಳು. ಕಂಡದ್ದೇ ಕೈ ಬೀಸಿ ಕೂಗಿದಳು.

"ಹತ್ತೋ ಹುಚ್ಚಪ್ಪಾ, ಹತ್ತು! ಕೂಸಿನ್ನ ತಾಯಿ ಒಯ್ದಳು!"

ನನ್ನ ಕಾಲು ಹೇಗೆ ಓಡಿತೋ ತಿಳಿಯದು. ಕಟ್ಟಕಡೆಯ ಡಬ್ಬಿಯ ಕಂಬಿ ಹಿಡಿದು ಜೋತುಬಿದ್ದೆ, ಯಾರೋ ಅಂಗಿ ಹಿಡಿದು ಒಳಗೆ ಎಳೆದುಕೊಂಡರು. ಆಗ ನನಗೆ ದೆವ್ವದ ಯೋಚನೆ ಬರಲಿಲ್ಲ. ಯಾರೋ ಕಳ್ಳಿ ನನ್ನ ಸುಳ್ಳನ್ನು ಕೇಳಿಸಿಕೊಂಡು, ತಾಯಿಯೆಂದು ಹೇಳಿ ಕೂಸನ್ನು ಹೊತ್ತೊಯ್ದಳು ಎಂದೇ ಅನ್ನಿಸಿತು. ಸಿಟ್ಟು ಬಂತು. ಬೇಡವೆಂದು ಬಿಟ್ಟು ಬಂದದ್ದನ್ನು ಬೇರೆಯವರು ಎತ್ತಿಕೊಂಡರೆ ನನಗೇಕೆ ಸಿಟ್ಟು ಬರಬೇಕು? ಅಂದು ಅದನ್ನು ಕೇಳಿಕೊಳ್ಳುವಷ್ಟು ಬುದ್ಧಿ ಇರಲಿಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಒಳಗಿನಿಂದ ದಾರಿ ಇರಲಿಲ್ಲ. ಮುಂದಿನ ಸ್ಟೇಷನ್ ಬರುವ ತನಕ ಬಾಗಿಲಲ್ಲೇ ನಿಂತಿದ್ದೆ.

ನವಾಂದಗಿಯಲ್ಲಿ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹಾರಿ ಓಡಿದೆ. ಮುದುಕಿ ಬುಟ್ಟಿ ಹೊತ್ತು ಅಲ್ಲೇ ಇಳಿಯುತ್ತಿದ್ದಳು. ಯಾರು ಒಯ್ದರು ಎಂದು ಕೇಳಿದೆ.

"ನಿನ್ನ ತಂಗಿ, ಮತ್ತ್ಯಾರು? ನೀ ಇಳಿದು ಹೋದಿ, ಆಕಿ ಬಂದ್ಳು. ಅಣ್ಣ ಕಳಿಸ್ಯಾನ, ಕೂಸು ಕೊಡಬೇ ಅಂದ್ಳು. ನಿಮ್ಮ ಮಾತೇ. ಬಾಣಂತಿಯಂಗ ಕಿವಿಗೆ ಬಟ್ಟಿ ಕಟ್ಟಕೊಂಡಾಳ, ಕಾಲಾಗ ಚಪ್ಪಲಿ ಇಲ್ಲ. ಕೈ ತಾಗಿತು ನೋಡು, ಹಂಚು ಸುಟ್ಟಂಗ ಸುಡತಿತ್ತು." ಹೇಳುತ್ತ ಹೇಳುತ್ತ ಅವಳಿಗೆ ಸಿಟ್ಟು ಬಂತು. "ಬಾಣಂತಿನ್ನ ಹಿಂಗ ತಿರುಗಾಡಸ್ತಾರೇನೋ? ನೀ ಮನಷ್ಯಾ ಏನು?"

ನಾನು ನಿಲ್ಲಲಿಲ್ಲ. ಮುಂದಕ್ಕೆ ಓಡಿ ಹೆಂಗಸರ ಡಬ್ಬಿಗೆ ಹತ್ತುವಾಗ ಗಾಡಿ ಮತ್ತೆ ಹೊರಟಿತು. ಗಂಡಸು ಯಾಕೆ ಹತ್ತಿದ ಎಂದು ಕೆಲವರು ಕೂಗಾಡಿದರು. ಒಳಗಿನ ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು, ನಮ್ಮ ಕಡೆಯವಳೇ, ಕೈಯೆತ್ತಿ ಅವರನ್ನು ಸುಮ್ಮನಾಗಿಸಿದಳು. ಅವಳ ತೊಡೆಯ ಮೇಲೆ ಕೂಸು ಮಲಗಿತ್ತು. ಬಸಮ್ಮ ಹೊಲಿದ ಕುಂಚಿಗೆಯ ಗಂಟು ಬಿಚ್ಚಿತ್ತು. ಹೊಟ್ಟೆ ತುಂಬಿದ ಕೂಸುಗಳು ಮಲಗುವ ಹಾಗೆ ಕೈ ಎರಡೂ ಸಡಿಲ ಬಿಟ್ಟು ನಿದ್ದೆ ಮಾಡುತ್ತಿತ್ತು. ಬಾಯಿಯ ಅಂಚಿನಲ್ಲಿ ಹಾಲು ಇತ್ತು. ಆಕಳ ಹಾಲಿನ ಬಾಟಲಿ ನನ್ನ ಹೆಗಲ ಚೀಲದಲ್ಲೇ ಇತ್ತು.

"ತಗೋ ತಮ್ಮಾ," ಎಂದಳು ಆ ಹೆಣ್ಣುಮಗಳು. "ನಿನ್ನ ತಂಗಿ ಕುಡಿಸಿ, ನನ್ನ ಕೈಯಾಗ ಕೊಟ್ಟು ಎದ್ಳು. ನಮ್ಮಣ್ಣ ಬರ್ತಾನ, ಅವನ ಕೈಯಾಗೇ ಕೊಡ್ರಿ, ಮಂದಿ ಕೈಯಾಗ ಕೊಡಬ್ಯಾಡ್ರಿ ಅಂದ್ಳು."

"ನಾನೇ ಅಂತ ಹೆಂಗ ಗುರ್ತ ಹಿಡದ್ರಿ?"

"ಅಳಕೋತ ಬರ್ತಾನ, ಗುರ್ತ ಸಿಗತೈತಿ ಅಂತ ಆಕೀನೇ ಹೇಳ್ಯಾಳ."

ಮುಖ ಮುಟ್ಟಿ ನೋಡಿಕೊಂಡೆ. ಕಣ್ಣೀರು ಗಲ್ಲದ ತನಕ ಇಳಿದಿತ್ತು. ನಾನು ಅಳುತ್ತಿದ್ದೇನೆ ಎಂಬುದು ನನಗೇ ತಿಳಿದಿರಲಿಲ್ಲ.

ಅವಳು ಯಾವ ಕಡೆ ಹೋದಳೆಂದು ಕೇಳಿದೆ. ನವಾಂದಗಿ ಬರುವ ಮೊದಲೇ ಬಾಗಿಲ ಕಡೆ ಹೋದಳು, ಸಂಡಾಸಿಗೆ ಹೋಗಿರಬೇಕೆಂದು ತಿಳಿದೆವು ಎಂದರು. ಎರಡು ಸಂಡಾಸಿನ ಬಾಗಿಲೂ ತೆರೆದು ನೋಡಿದೆ. ಯಾರೂ ಇರಲಿಲ್ಲ. ನವಾಂದಗಿ ಸಣ್ಣ ಸ್ಟೇಷನ್, ಇಳಿದವರನ್ನೆಲ್ಲ ನಾನೇ ನೋಡಿದ್ದೆ. ಕೂಸು ಕಳೆದುಕೊಂಡ ಯಾವಳೋ ಬಾಣಂತಿ ಇದ್ದಿರಬೇಕು, ಆಚೆ ಬದಿಯಿಂದ ಹಳಿಯ ಮೇಲೆ ಇಳಿದು ಹೋಗಿರಬೇಕು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡದ್ದುಂಟು. ಹಾಗಾದರೆ ಮಂದಿ ಕೈಯಾಗ ಕೊಡಬ್ಯಾಡ ಎಂಬ ಮಾತು ಅವಳ ಬಾಯಿಗೆ ಎಲ್ಲಿಂದ ಬಂತು?

ಚಿತ್ತಾಪುರದಲ್ಲಿ ಇಳಿಯುವ ತನಕ ಕೂಸನ್ನು ನಾನು ಕೆಳಗಿಡಲಿಲ್ಲ. ಊರು ಮುಟ್ಟಿದಾಗ ಅವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಕುಂಚಿಗೆ ಸರಿಸಿ ಮುಖ ನೋಡಿದಳು. ನಾನು ಹೇಳಬೇಕಾಗಲಿಲ್ಲ, ಮೂಗು ಹಣೆ ಎಲ್ಲ ಮಾದೇವಿಯದೇ. ಒಂದು ಕೈಯಲ್ಲಿ ಕೂಸನ್ನು ಎದೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ನನ್ನ ಕಪಾಳಕ್ಕೆ ಹೊಡೆದಳು.

"ಬಾಣಂತಿನ್ನ ಅಲ್ಲಿ ಬಿಟ್ಟು ಬರೇ ಕೂಸು ತಂದೇನೋ ಕತ್ತೀ? ಹೋಗು, ಆಕಿನ್ನ ಕರಕೊಂಡು ಬಾ."

ನನ್ನ ಮದುವೆಯ ಮಾತು, ಊರವರ ಮಾತು ಅವಳು ಎತ್ತಲೇ ಇಲ್ಲ. ಅಷ್ಟು ತಿಂಗಳು ನಾನು ಹೆದರಿದ್ದು ಯಾವುದಕ್ಕೆ ಎಂದು ಆಗ ನನಗೇ ತಿಳಿಯದಾಯಿತು.

ಮರುದಿನ ಹೈದರಾಬಾದಿಗೆ ವಾಪಸು ಹೋದೆ. ಮಾದೇವಿ ಚಾಪೆಯ ಮೇಲಿದ್ದಳು, ಕಣ್ಣು ಒಳಗೆ ಹೋಗಿದ್ದವು. ಬಸಮ್ಮನನ್ನು ಹೊರಗೆ ಕರೆದು, ಹಿಂದಿನ ದಿನ ಇವಳು ಎಲ್ಲಿಗಾದರೂ ಹೋಗಿದ್ದಳೇ ಎಂದು ಕೇಳಿದೆ. ಅವಳು ನನ್ನನ್ನು ಹುಚ್ಚನಂತೆ ನೋಡಿದಳು.

"ಎಲ್ಲಿಗೆ ಹೋಗ್ತಾಳೋ? ಏಳಾಕ ಬರಲಾರದಾಕಿ. ದಿನಾ ಪೂರ್ತಿ ನಾ ಬಾಗಲದಾಗೇ ಕುಂತೀನಿ. ಹಾಲು ತುಂಬಿ ಎದಿ ಕಲ್ಲಾಗಿ ಒದ್ದಾಡಾಕತ್ತಿದ್ಳು. ಬಿಸಿನೀರಾಗ ಹಿಂಡಿದ ಬಟ್ಟಿ ಇಟ್ಟೆ, ಕಡಿಮಿ ಆಗಲಿಲ್ಲ. ಆಮ್ಯಾಲ ಬಿಸಲು ಇಳಿಯೂಮುಂದ ತನ್ನಿಂದ ತಾನ ಸುಮ್ಮನಾದ್ಳು. ಮುಟ್ಟಿ ನೋಡಿದ್ರ ಎದಿ ಮೆತ್ತಗಾಗಿದ್ದು. ಕುಬಸದ ಮ್ಯಾಲ ಒಂದ ಹನಿ ಹಾಲೂ ಬಿದ್ದಿರಲಿಲ್ಲ."

ಅವತ್ತೇ ಮಾದೇವಿಯನ್ನು ಆಟೋದಲ್ಲಿ ಹಾಕಿಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಒಯ್ದೆ. ಗಂಡನ ಹೆಸರು ಕೇಳಿದರು. ಇಲ್ಲ ಎಂದೆ. ಬರೆದುಕೊಳ್ಳುವವರು ತಲೆ ಕೂಡ ಎತ್ತಲಿಲ್ಲ. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದರು. ನಂಜು ಮೈಗೆಲ್ಲ ಏರಿದೆ ಎಂದರು.

ಅಲ್ಲಿ ಅವಳು ಕೆಲವು ದಿನ ಬದುಕಿದ್ದಳು. ನಡುನಡುವೆ ಜ್ವರ ಬಿಟ್ಟಾಗ ಚೆನ್ನಾಗಿಯೇ ಮಾತಾಡುತ್ತಿದ್ದಳು. ಅವ್ವನ ಮೊಣಕಾಲು ನೋವು ಹೇಗಿದೆ ಎಂದು ಕೇಳಿದಳು. ನನಗೆ ಊಟ ಆಯಿತೇ ಎಂದು ಕೇಳಿದಳು. ಬಸಮ್ಮನ ತಾಟು ನಮ್ಮ ಷೆಡ್ಡಿನಲ್ಲಿ ಉಳಿದಿದೆ, ಕೊಟ್ಟುಬಿಡು ಎಂದಳು. ಪಕ್ಕದ ಮಂಚದ ಹೆಂಗಸು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾಳೆಂದು ನಗುವುದಕ್ಕೂ ನೋಡಿದಳು. ಕೂಸಿನ ವಿಷಯ ಮಾತ್ರ ಕೇಳಲಿಲ್ಲ. ಮುಟ್ಟಿಸಿದೆಯಾ, ಹಾಲು ಕುಡಿಯುತ್ತದೆಯಾ, ಅವ್ವ ಏನೆಂದಳು, ಒಂದೂ ಇಲ್ಲ. ಇಂದು ಕೇಳುತ್ತಾಳೆ, ನಾಳೆ ಕೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಕೇಳಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ಕೊನೆಗೆ ತಡೆಯಲಾರದೆ ನಾನೇ ಬಾಯಿ ತೆರೆದೆ. "ಮಾದೇವಿ, ಕೂಸು..." ಎಂದೆ. ಮುಂದಿನ ಮಾತು ಬರುವ ಮೊದಲೇ ಅವಳು, "ಗೊತ್ತೈತಿ ಬಿಡಣ್ಣಾ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಪ್ರೀತಿ ಇತ್ತೆಂದೂ ಹೇಳಲಾರೆ. ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಮಾತಾಡುವ ಶಕ್ತಿ ಉಳಿದಿರಲಿಲ್ಲವೋ, ಮನಸ್ಸಿರಲಿಲ್ಲವೋ.

ಅವಳ ಮಗಳು ಈಗ ದೊಡ್ಡವಳು. ನನ್ನನ್ನು ಮಾಮಾ ಎನ್ನುತ್ತಾಳೆ. ಮುಂದೆ ಮದುವೆಯಾದ ಮೇಲೆ ನನಗೆ ಮಕ್ಕಳಾದರೂ ಅವಳೇ ನನ್ನನ್ನು ಹೆಚ್ಚು ಹಚ್ಚಿಕೊಂಡವಳು. ರೈಲಿನಲ್ಲಿ ಆದದ್ದಕ್ಕೆ ಒಂದು ಕಾರಣ ಯಾರಾದರೂ ತಿಳಿದವರು ಹೇಳಬಹುದು, ನಾನು ಕೇಳಿಕೊಳ್ಳಲು ಸಿದ್ಧನಿದ್ದೇನೆ. ಆದರೆ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ರೈಲಿನ ಸಂಗತಿಯಲ್ಲ. ಕೂಸು ಅವ್ವನ ಹತ್ತಿರ ಕ್ಷೇಮವಾಗಿದೆ ಎಂಬುದು ತಂಗಿಗೆ ಗೊತ್ತಿತ್ತೋ, ತಾಂಡೂರಿನಲ್ಲಿ ನಾನು ಬೆನ್ನು ತಿರುಗಿಸಿ ನಿಂತದ್ದು ಗೊತ್ತಿತ್ತೋ, ಅದು ನನಗೆ ತಿಳಿಯಲೇ ಇಲ್ಲ.